ಮಣಿಕಟ್ಟಿನ ಕೆಳಗೆ ಹತ್ತು ಸಾವಿರ ಸುತ್ತು

ಎರಡು ಬೈಕುಗಳ ಕಾಗದ ತಂದು ಪಕ್ಕಪಕ್ಕ ಇಡಿ. ಒಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಇನ್ನೊಂದು ಕವಾಸಾಕಿ ನಿಂಜಾ 300. ಕ್ಲಾಸಿಕ್‌ನ ಎಂಜಿನ್ 349 ಸಿಸಿ. ನಿಂಜಾದ್ದು 296, ಅಂದರೆ ಚಿಕ್ಕದು. ಟಾರ್ಕ್ ಎಂಬ ಸಾಲಿನಲ್ಲಿ ಕ್ಲಾಸಿಕ್‌ಗೆ 27 ಎಂದಿದೆ, ನಿಂಜಾಕ್ಕೂ ಮಾಡೆಲ್ ನೋಡಿಕೊಂಡು 26ರಿಂದ 27. ಹೆಚ್ಚುಕಡಿಮೆ ಸರಿಸಮ. ಅದರ ಮೇಲಿನ ಸಾಲಿಗೆ ಬನ್ನಿ: ಕ್ಲಾಸಿಕ್‌ಗೆ 20 ಅಶ್ವಶಕ್ತಿ, ನಿಂಜಾಕ್ಕೆ 39. ಚಿಕ್ಕ ಎಂಜಿನ್, ಅಷ್ಟೇ ಬಲ, ಆದರೆ ಎರಡು ಪಟ್ಟು ಶಕ್ತಿ. ಹೇಗೆ?

ಮಲ್ಕಾಜ್‌ಗಿರಿಯಲ್ಲಿ ಮೊದಲ ಬೈಕ್ ಕೊಳ್ಳಲು ಹೊರಟವರ ಮನೆಯಲ್ಲಿ ಈ ಪ್ರಶ್ನೆ ಏಳುವುದು ಕಡಿಮೆ. ಅಪ್ಪ ಮೈಲೇಜ್ ಕೇಳುತ್ತಾರೆ, ಗೆಳೆಯರು ಟಾಪ್ ಸ್ಪೀಡ್ ಕೇಳುತ್ತಾರೆ, ಅಮ್ಮ ಸೀಟಿನ ಎತ್ತರ ನೋಡಿ ಮುಖ ಸಿಂಡರಿಸುತ್ತಾರೆ. ಹೈದರಾಬಾದಿನ ಈ ಮೂಲೆಯಲ್ಲಿ ಕನ್ನಡದ ಮನೆಗಳು ಹೊಸತೇನಲ್ಲ. ಕಲಬುರಗಿ, ರಾಯಚೂರು, ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹುಬ್ಬಳ್ಳಿ ರೈಲ್ವೆ ವಿಭಾಗ 2003ರವರೆಗೆ ಪಕ್ಕದ ಸಿಕಂದರಾಬಾದಿನಿಂದ ನಡೆಯುವ ದಕ್ಷಿಣ ಮಧ್ಯ ರೈಲ್ವೆಯ ಭಾಗವಾಗಿತ್ತು. ಹೀಗೆ ಬಂದು ನೆಲೆಸಿದವರ ಮಕ್ಕಳಿಗೆ ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದಾಗ, ಆನಂದ್‌ಬಾಗ್‌ನಿಂದ ನೇರೆಡ್‌ಮೆಟ್‌ವರೆಗಿನ ಮನೆಗಳಲ್ಲಿ ನಡೆಯುವ ಜಗಳ ಒಂದೇ: ಮೊದಲ ಬೈಕೇ ಸ್ಪೋರ್ಟ್ಸ್ ಬೈಕ್ ಆಗಬೇಕೋ ಬೇಡವೋ.

ದೊಡ್ಡವರು "ಅದು ಬಹಳ ಸ್ಪೀಡು" ಎನ್ನುತ್ತಾರೆ. ಮಕ್ಕಳು "ನಾನು ನಿಧಾನವಾಗಿಯೇ ಓಡಿಸ್ತೀನಿ" ಎನ್ನುತ್ತಾರೆ. ಇಬ್ಬರ ಮಾತೂ ಪ್ರಾಮಾಣಿಕ. ಆದರೆ ಗುಟ್ಟು ವೇಗದಲ್ಲಿ ಇಲ್ಲ. ನಿಧಾನವಾಗಿ ಓಡಿಸುವಾಗಲೇ ಅದು ಬೈಕಿನೊಳಗೆ ಕೂತಿರುತ್ತದೆ. ಅದನ್ನು ಹುಡುಕಲು ಎಂಜಿನ್ನಿನೊಳಗೆ ಸ್ವಲ್ಪ ಇಳಿಯಬೇಕು.

ಆಳದ ಬಾವಿ, ಮೇಲುಬಾವಿ

ಸೇದುವ ಬಾವಿಯನ್ನು ನೆನಪಿಸಿಕೊಳ್ಳಿ. ಒಂದು ಮನೆಯ ಬಾವಿ ಆಳ, ಪಕ್ಕದ ಮನೆಯದು ಮೇಲುಬಾವಿ. ಎರಡೂ ಮನೆಯ ಕೊಡ ಸುಮಾರು ಒಂದೇ ಅಳತೆ. ಹಗ್ಗ ಎಳೆಯುವ ಕೈಗಳ ವೇಗವೂ ಒಂದೇ, ಏಕೆಂದರೆ ಅದಕ್ಕಿಂತ ಬಿರುಸಾಗಿ ಎಳೆದರೆ ಅಂಗೈ ಸುಲಿಯುತ್ತದೆ. ಯಾರ ಹಂಡೆ ಮೊದಲು ತುಂಬುತ್ತದೆ? ಮೇಲುಬಾವಿಯವರದು. ಅವರ ಕೊಡ ದೊಡ್ಡದಲ್ಲ, ತೋಳು ಗಟ್ಟಿಯಲ್ಲ. ದಾರಿ ಗಿಡ್ಡವಾದ್ದರಿಂದ ಹೆಚ್ಚು ಸಲ ಸೇದುತ್ತಾರೆ, ಅಷ್ಟೇ.

ಎಂಜಿನ್ನಿನಲ್ಲಿ ಬಾವಿಯ ಆಳವೆಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ. ಮೆಕ್ಯಾನಿಕ್‌ಗಳು ಸ್ಟ್ರೋಕ್ ಎನ್ನುವ ಇದನ್ನು ಓಟದುದ್ದ ಎಂದು ಕರೆಯೋಣ. ಕ್ಲಾಸಿಕ್‌ನ ಒಂದೇ ಪಿಸ್ಟನ್ನಿನ ಓಟದುದ್ದ 85.8 ಮಿಲಿಮೀಟರ್. ನಿಂಜಾದ ಎರಡು ಪಿಸ್ಟನ್‌ಗಳದು 49 ಮಾತ್ರ. ಕ್ಲಾಸಿಕ್ ತನ್ನ ಪೂರ್ಣ ಶಕ್ತಿ ಕೊಡುವುದು ನಿಮಿಷಕ್ಕೆ 6,100 ಸುತ್ತಿನಲ್ಲಿ, ನಿಂಜಾ 11,000ದಲ್ಲಿ. ಈಗ ಆ ಸುತ್ತುಗಳಲ್ಲಿ ಪಿಸ್ಟನ್ ಸರಾಸರಿ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಗುಣಿಸಿ ನೋಡಿದರೆ ಒಂದು ಸೊಗಸಾದ ಸಂಗತಿ ಹೊರಬೀಳುತ್ತದೆ: ಕ್ಲಾಸಿಕ್‌ನದು ಸೆಕೆಂಡಿಗೆ ಸುಮಾರು 17.5 ಮೀಟರ್, ನಿಂಜಾದ್ದು 18. ಒಂದು ಗುಡುಗುಟ್ಟುತ್ತದೆ, ಇನ್ನೊಂದು ಕಿರುಚುತ್ತದೆ. ಒಳಗೆ ಲೋಹ ಓಡುವ ವೇಗ ಮಾತ್ರ ಒಂದೇ. ಕ್ಲಾಸಿಕ್ ಅನ್ನೂ 11,000 ಸುತ್ತಿಸಲು ಹೊರಟರೆ ಅದರ ಪಿಸ್ಟನ್ ಸೆಕೆಂಡಿಗೆ 31 ಮೀಟರ್ ಓಡಬೇಕಾಗುತ್ತದೆ. ರೇಸಿನ ಎಂಜಿನ್‌ಗಳೇ 25ರ ಆಸುಪಾಸಿನಲ್ಲಿ ಉಸ್ಸಪ್ಪಾ ಎನ್ನುತ್ತವೆ.

ಕೊಡದ ಅಳತೆಯೇ ಆ 27. ಒಂದು ಸುತ್ತಿನಲ್ಲಿ ಎಂಜಿನ್ ಎಷ್ಟು ಬಲವಾಗಿ ದಂಡವನ್ನು ತಿರುಚಬಲ್ಲದು ಎಂಬುದರ ಲೆಕ್ಕ ಅದು. ತಿರುಚುಬಲ ಎನ್ನೋಣ. ಅಶ್ವಶಕ್ತಿಯೆಂದರೆ ಹಂಡೆ ತುಂಬುವ ವೇಗ: ತಿರುಚುಬಲವನ್ನು ಸುತ್ತಿನಿಂದ ಗುಣಿಸಿದ್ದು. ಕೊಡ ಒಂದೇ, ಸೇದುವ ಸಲ ಎರಡು ಪಟ್ಟಿನ ಹತ್ತಿರ, ಹಾಗಾಗಿ ಶಕ್ತಿಯೂ ಎರಡು ಪಟ್ಟಿನ ಹತ್ತಿರ.

"ಬಲ ಒಂದೇ ಆದರೆ ಹೆಚ್ಚು ಸುತ್ತಿನಿಂದ ನನಗೇನು ಲಾಭ?" ಎಂದು ಕೇಳುವವರಿದ್ದಾರೆ. ಲಾಭವನ್ನು ಬಿಡಿಸಿಕೊಡುವುದು ಗೇರ್. ಸುತ್ತನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುವುದೇ ಅದರ ಕೆಲಸ. ಸುತ್ತು ಹೆಚ್ಚಿರುವ ಎಂಜಿನ್‌ಗೆ ತಗ್ಗಿನ ಗೇರ್ ಜೋಡಿಸಬಹುದು. ಆಗ ಅದೇ 27 ಹಿಂದಿನ ಚಕ್ರ ತಲುಪುವ ಹೊತ್ತಿಗೆ ಇನ್ನಷ್ಟು ಹಿಗ್ಗಿರುತ್ತದೆ. ರಸ್ತೆಯ ಮೇಲಿನ ಪಿಕಪ್ ಇಲ್ಲಿಂದ ಬರುತ್ತದೆ.

ಮೂರು ಮಿಲಿಸೆಕೆಂಡಿನ ಬಾಗಿಲು

ಕಾಗದದಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಬಹಳ ಮಂದಿ ಓದುವುದೇ ಇಲ್ಲ. ಕ್ಲಾಸಿಕ್‌ನ ಪೂರ್ಣ ತಿರುಚುಬಲ ಸಿಗುವುದು 4,000 ಸುತ್ತಿನಲ್ಲಿ. ನಿಂಜಾದ್ದು 10,000ದಲ್ಲಿ. ನನ್ನ ಕೇಳಿದರೆ ಮೊದಲ ಬೈಕ್ ಕೊಳ್ಳುವವರು ಬೆರಳಿಟ್ಟು ಓದಬೇಕಾದದ್ದು ಈ ಒಂದು ಅಂಕಿಯನ್ನು. ಸಿಸಿಯನ್ನೂ ಅಶ್ವಶಕ್ತಿಯನ್ನೂ ಆಮೇಲೆ ನೋಡಿದರೆ ನಡೆಯುತ್ತದೆ.

ಹೀಗೇಕೆ? ಎಂಜಿನ್ ಸುಡುವುದು ಪೆಟ್ರೋಲನ್ನಾದರೂ ಅದಕ್ಕೆ ಕಷ್ಟವಾಗುವುದು ಗಾಳಿ ತುಂಬಿಸಿಕೊಳ್ಳುವುದು. 4,000 ಸುತ್ತಿನಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿದು ಗಾಳಿ ಎಳೆದುಕೊಳ್ಳಲು ಏಳೂವರೆ ಮಿಲಿಸೆಕೆಂಡು ಸಿಗುತ್ತದೆ. 10,000ದಲ್ಲಿ ಸಿಗುವುದು ಮೂರೇ ಮಿಲಿಸೆಕೆಂಡು. ಅಷ್ಟರೊಳಗೆ ಸಿಲಿಂಡರ್ ತುಂಬಬೇಕಾದರೆ ಒಂದು ಉಪಾಯ ಬೇಕು. ಗಾಳಿಗೂ ತೂಕವಿದೆ, ಒಮ್ಮೆ ಓಡತೊಡಗಿದರೆ ಅದೂ ತಟ್ಟನೆ ನಿಲ್ಲುವುದಿಲ್ಲ. ಆದ್ದರಿಂದ ಪಿಸ್ಟನ್ ತಳ ಮುಟ್ಟಿ ಮೇಲೇರತೊಡಗಿದ ಮೇಲೂ ವಾಲ್ವಿನ ಬಾಗಿಲನ್ನು ಇನ್ನೂ ಸ್ವಲ್ಪ ಹೊತ್ತು ತೆರೆದೇ ಇಡುತ್ತಾರೆ. ಓಡಿಬರುತ್ತಿರುವ ಗಾಳಿ ಆ ರಭಸದಲ್ಲೇ ಒಳಗೆ ನುಗ್ಗುತ್ತಿರುತ್ತದೆ. ಸ್ಪೋರ್ಟ್ಸ್ ಎಂಜಿನ್ನಿನ ಜಾಣತನ ಇರುವುದು ಇಲ್ಲೇ.

ಅದೇ ಜಾಣತನಕ್ಕೆ ಇನ್ನೊಂದು ಮುಖವೂ ಇದೆ. 3,000 ಸುತ್ತಿನಲ್ಲಿ ಗಾಳಿಗೆ ಆ ರಭಸ ಇರುವುದಿಲ್ಲ. ಬಾಗಿಲು ಮಾತ್ರ ಅಷ್ಟೇ ತಡವಾಗಿ ಮುಚ್ಚುತ್ತದೆ. ಮೇಲೇರುತ್ತಿರುವ ಪಿಸ್ಟನ್ ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟನ್ನು ಬಂದ ದಾರಿಯಲ್ಲೇ ಹೊರಗೆ ನೂಕಿಬಿಡುತ್ತದೆ. ಕೊಡ ಅರೆತುಂಬಿ ಮೇಲೆ ಬಂದಂತಾಯಿತು. ಕ್ಲಾಸಿಕ್‌ನಲ್ಲಿ ಇದು ತಿರುಗುಮುರುಗು. ಅದರ ಬಾಗಿಲು ಬೇಗ ಮುಚ್ಚುತ್ತದೆ, ಹಾಗಾಗಿ ಕಡಿಮೆ ಸುತ್ತಿನಲ್ಲಿ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ, ಸುತ್ತು ಹೆಚ್ಚಿದ ಹಾಗೆ ಗಾಳಿ ಸಾಲದಾಗುತ್ತದೆ.

ಎರಡನ್ನೂ ಗೆರೆ ಎಳೆದು ನೋಡಿದರೆ, ಕ್ಲಾಸಿಕ್‌ನ ತಿರುಚುಬಲದ ಗೆರೆ ಬೇಗ ಏರಿ, 4,000ದಲ್ಲಿ ನೆತ್ತಿ ಮುಟ್ಟಿ, ಅಲ್ಲಿಂದ ಇಳಿಯುತ್ತದೆ. ನಿಂಜಾದ ಗೆರೆ ಉದ್ದಕ್ಕೂ ಏರುತ್ತಲೇ ಹೋಗುತ್ತದೆ, ಹತ್ತು ಸಾವಿರದವರೆಗೆ.

ತಣಿಯುವ ತಪ್ಪು, ಬೆಳೆಯುವ ತಪ್ಪು

ಈಗ ಈ ಎರಡು ಗೆರೆಗಳ ಮೇಲೆ ಹೊಸ ಸವಾರನನ್ನು ಕೂರಿಸೋಣ.

ಹೊಸಬರ ತಪ್ಪು ಎಲ್ಲ ಊರಲ್ಲೂ ಒಂದೇ: ಎಕ್ಸಲೇಟರನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸುವುದು. ಎರಡನೇ ಗೇರಿನಲ್ಲಿ ಕ್ಲಾಸಿಕ್ ಮೇಲೆ ಹೀಗಾಯಿತೆಂದುಕೊಳ್ಳಿ. ಬೈಕ್ ಮುಂದಕ್ಕೆ ಚಿಮ್ಮುತ್ತದೆ, ಸುತ್ತು ನಾಲ್ಕು ಸಾವಿರ ದಾಟುತ್ತದೆ, ಅಲ್ಲಿಂದ ಮುಂದೆ ಪ್ರತಿ ನೂರು ಸುತ್ತಿಗೂ ತಳ್ಳುವಿಕೆ ಸ್ವಲ್ಪ ಸ್ವಲ್ಪ ಸೊರಗುತ್ತದೆ. ಸವಾರ ಏನೂ ಮಾಡದಿದ್ದರೂ ತಪ್ಪು ತಾನೇ ತಣಿಯತೊಡಗುತ್ತದೆ.

ಏರುಗೆರೆಯ ಎಂಜಿನ್ ಮೇಲೆ ಅದೇ ತಪ್ಪು ಬೇರೆ ದಾರಿ ಹಿಡಿಯುತ್ತದೆ. ಬೈಕ್ ವೇಗ ಹಿಡಿದಂತೆ ಸುತ್ತು ಏರುತ್ತದೆ, ಸುತ್ತು ಏರಿದಂತೆ ತಳ್ಳುವಿಕೆ ಹೆಚ್ಚುತ್ತದೆ, ತಳ್ಳುವಿಕೆ ಹೆಚ್ಚಿದಂತೆ ಸುತ್ತು ಇನ್ನೂ ಬೇಗ ಏರುತ್ತದೆ. ತಪ್ಪು ತನ್ನ ಮೇವನ್ನು ತಾನೇ ಹುಡುಕಿಕೊಳ್ಳುತ್ತದೆ.

ಇಲ್ಲಿ ಓದುಗರಲ್ಲಿ ಯಾರಾದರೂ ಮೆಕ್ಯಾನಿಕಲ್ ಎಂಜಿನಿಯರ್ ಇದ್ದರೆ ಕೈ ಎತ್ತುತ್ತಾರೆ. ನ್ಯಾಯವಾದ ತಕರಾರು. ಈ ಏರುಗೆರೆ ಗಾಳಿಬಾಗಿಲನ್ನು, ಅಂದರೆ ಥ್ರಾಟಲನ್ನು, ಪೂರ್ತಿ ತೆರೆದಾಗಿನದು. ಬಾಗಿಲನ್ನು ಕಾಲು ಭಾಗ ಮಾತ್ರ ತೆರೆದಿಟ್ಟರೆ ಸ್ಪೋರ್ಟ್ಸ್ ಎಂಜಿನ್ನೂ ಗಾಳಿ ಸಾಲದೆ ತಾನೇ ತಣಿಯುತ್ತದೆ. ಹಾಗಾದರೆ ಮಕ್ಕಳು ಹೇಳಿದ್ದೇ ಸರಿಯಲ್ಲವೇ, ಕೈ ಹಿಡಿತದಲ್ಲಿದ್ದರೆ ಸಾಕಲ್ಲವೇ?

ಸಾಕು. ಆದರೆ ಆ ಬೈಕೇ ಕೈಯನ್ನು ಧಾರಾಳಿಯನ್ನಾಗಿ ಮಾಡುತ್ತದೆ. ಮಲ್ಕಾಜ್‌ಗಿರಿ ರೈಲು ಹಳಿಗಳು ಕವಲೊಡೆದು ಹಾಯುವ ಬಡಾವಣೆ. ಸಿಕಂದರಾಬಾದಿನ ಕಡೆಗೋ ಮೌಲಾಲಿಯ ಕಡೆಗೋ ಹೊರಟವರು ಹಳಿಯ ಮೇಲಿನ ಸೇತುವೆಯನ್ನೋ ಕೆಳಗಿನ ದಾರಿಯನ್ನೋ ಹಿಡಿಯಲೇಬೇಕು. ಆಟೋ, ಬಸ್ಸು, ತಳ್ಳುಗಾಡಿಗಳ ನಡುವೆ ಇಲ್ಲಿ ಎಂಜಿನ್ ಮೂರು ನಾಲ್ಕು ಸಾವಿರ ಸುತ್ತಿನಲ್ಲೇ ದಿನ ಕಳೆಯುತ್ತದೆ. ಆ ಸುತ್ತಿನಲ್ಲಿ ಏರುಗೆರೆಯ ಎಂಜಿನ್ ಮಂಕು. ತುಸು ತಿರುಗಿಸಿದರೆ ಓಗೊಡುವುದಿಲ್ಲ, ಇನ್ನೂ ತಿರುಗಿಸಿದರೆ ಓಗೊಡುತ್ತದೆ. ಅನುಭವಸ್ಥರು ಗೇರ್ ಇಳಿಸಿ ಸುತ್ತು ಏರಿಸಿಕೊಳ್ಳುತ್ತಾರೆ. ಹೊಸಬರು ಗೇರ್ ಬದಲಿಸುವ ಗೋಜಿಗೆ ಹೋಗದೆ ಮಣಿಕಟ್ಟನ್ನೇ ಹೆಚ್ಚು ತಿರುಗಿಸುತ್ತಾರೆ. ಕೆಲವೇ ವಾರಗಳಲ್ಲಿ ಕೈಗೆ ಅದೇ ಅಳತೆ ಕೂತುಬಿಡುತ್ತದೆ: ಇಷ್ಟು ತಿರುಗಿಸಿದರೆ ಇಷ್ಟು ಓಟ. ಆ ಅಳತೆ ನಾಲ್ಕು ಸಾವಿರ ಸುತ್ತಿನಲ್ಲಿ ಕಲಿತದ್ದು. ಕೀಸರ ಕಡೆ ರಸ್ತೆ ಖಾಲಿ ಸಿಕ್ಕಿದ ಭಾನುವಾರ, ಸೂಜಿ ಎಂಟು ಸಾವಿರದಲ್ಲಿ ನಿಂತಿರುವಾಗ, ಅದೇ ಕೈ ಅದೇ ಅಳತೆಯಲ್ಲಿ ತಿರುಗುತ್ತದೆ. ಈಗ ಬರುವ ಉತ್ತರ ಬೇರೆ ಬೈಕಿನದು.

ಹೀಗೆ ಹೊಸಬರ ಮಟ್ಟಿಗೆ ಸ್ಪೋರ್ಟ್ಸ್ ಬೈಕ್ ಒಂದೇ ಚಾಸಿಸ್‌ನಲ್ಲಿ ಎರಡು ಬೈಕ್. ದಿನವೂ ಅಭ್ಯಾಸ ಮಾಡುವುದು ಒಂದರ ಮೇಲೆ, ಪರೀಕ್ಷೆ ಬರೆಯುವುದು ಇನ್ನೊಂದರ ಮೇಲೆ.

ಮೈಯೂ ಕೈಜೋಡಿಸಿದಾಗ

ಇದರ ಮೇಲೆ ಇನ್ನೊಂದು ಕೊಂಡಿ ಸೇರಿಕೊಳ್ಳುತ್ತದೆ, ಅದು ಎಂಜಿನ್ನಿನದಲ್ಲ, ನಮ್ಮ ಮೈಯದು. ಬೈಕ್ ಅನಿರೀಕ್ಷಿತವಾಗಿ ಮುಂದಕ್ಕೆ ಚಿಮ್ಮಿದಾಗ ಮೈ ಹಿಂದೆ ಉಳಿಯುತ್ತದೆ. ಉಳಿಯದಂತೆ ತಡೆಯುವುದು ಹ್ಯಾಂಡಲ್ ಹಿಡಿದ ಕೈಗಳು. ತೋಳು ನೀಳವಾಗುತ್ತದೆ, ಮೊಣಕೈ ಕೆಳಗಿಳಿಯುತ್ತದೆ, ಮಣಿಕಟ್ಟು ಕೆಳಕ್ಕೆ ಮಡಚುತ್ತದೆ. ಮಣಿಕಟ್ಟು ಕೆಳಕ್ಕೆ ಮಡಚುವುದೆಂದರೆ ಎಕ್ಸಲೇಟರ್ ಇನ್ನಷ್ಟು ತೆರೆಯುವುದೆಂದೇ ಅರ್ಥ. ಹೆದರಿದವನ ಮುಷ್ಟಿ ಬಿಗಿಯುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಇಂಗ್ಲಿಷ್ ಮಾತಾಡುವ ಸವಾರರು ಇದಕ್ಕೆ ವಿಸ್ಕಿ ಥ್ರಾಟಲ್ ಎಂದು ಅಡ್ಡಹೆಸರಿಟ್ಟಿದ್ದಾರೆ. ಕುಡಿಯದವರಿಗೂ ಇದು ಆಗುತ್ತದೆ. ಒಂದು ಹಂಪ್, ಒಂದು ಗುಂಡಿ, ಹಳಿಯ ಅಂಚಿನ ಒಂದು ಉಬ್ಬು ಸಾಕು.

ಇಳಿಗೆರೆಯ ಎಂಜಿನ್ನಿನಲ್ಲಿ ಈ ಸರಪಳಿ ಎರಡನೇ ಕೊಂಡಿಗೇ ಬಲ ಕಳೆದುಕೊಳ್ಳುತ್ತದೆ. ಏರುಗೆರೆಯ ಎಂಜಿನ್ನಿನಲ್ಲಿ ಮೈ ಎಂಜಿನ್ನಿಗೆ ತಿನ್ನಿಸುತ್ತದೆ, ಎಂಜಿನ್ ಮೈಯನ್ನು ಇನ್ನಷ್ಟು ಹಿಂದಕ್ಕೆ ಎಸೆಯುತ್ತದೆ. ಗಾಳಿಬಾಗಿಲು ಕಾಲು ಭಾಗದಲ್ಲಿ ಇದ್ದರೆ ತಾನೇ ತಣಿಯುವುದು? ಈ ಸರಪಳಿ ಅದನ್ನು ಪೂರ್ತಿ ತೆರೆದುಬಿಡುತ್ತದೆ.

ಸ್ಪೋರ್ಟ್ಸ್ ಬೈಕಿನ ಕೂರುವ ಭಂಗಿ ಇದಕ್ಕೆ ಒತ್ತಾಸೆ. ಹ್ಯಾಂಡಲ್ ತಗ್ಗಿನಲ್ಲಿದೆ, ಸವಾರ ಮುಂದಕ್ಕೆ ಬಾಗಿದ್ದಾನೆ, ಮೈಭಾರದ ಒಂದು ಪಾಲು ಮಣಿಕಟ್ಟಿನ ಮೇಲಿದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಎದೆಗೆ ಒತ್ತುಕೊಟ್ಟು ಆ ಭಾರವನ್ನು ಹೊರುತ್ತದೆ. ನೇರೆಡ್‌ಮೆಟ್ ಚೌರಸ್ತೆಯಲ್ಲಿ ಗಾಳಿಯ ಒತ್ತು ಎಲ್ಲಿಂದ ಬರಬೇಕು? ಭಾರ ಹೊತ್ತ ಕೈಗೆ ಸೂಕ್ಷ್ಮವಾಗಿ ತಿರುಗಿಸುವುದು ಕಷ್ಟ. ಪರಿಹಾರ ಗೊತ್ತಿರುವಂಥದೇ: ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿ ಹಿಡಿದು ಮೈಯನ್ನು ಸೊಂಟದಿಂದ ನಿಲ್ಲಿಸುವುದು, ಕೈಯನ್ನು ಹಗುರ ಬಿಡುವುದು. ಹೇಳಲು ಒಂದು ಸಾಲು. ಮೈಗೆ ಹತ್ತಲು ತಿಂಗಳುಗಳು.

ಕೊನೆಗೆ ಇದೆಲ್ಲ ನೆಲ ಮುಟ್ಟುವುದು ಟೈರಿನ ಅಂಗೈಯಗಲದ ತುಣುಕಿನಲ್ಲಿ. ಆ ತುಣುಕಿಗಿರುವ ಹಿಡಿತ ಒಂದೇ ಮೊತ್ತ. ತಿರುವಿನಲ್ಲಿ ಬೈಕನ್ನು ಒಳಕ್ಕೆ ಎಳೆಯಲೂ ಅದೇ, ಮುಂದಕ್ಕೆ ತಳ್ಳಲೂ ಅದೇ, ಬ್ರೇಕಿಗೂ ಅದೇ. ವಾಲಿಕೊಂಡು ತಿರುಗುತ್ತಿರುವಾಗ ಮಣಿಕಟ್ಟು ಜಾರಿದರೆ ಖರ್ಚು ಮೊತ್ತವನ್ನು ಮೀರಬಹುದು. ರಸ್ತೆ ಮೇಲೆ ಮರಳಿದ್ದರೆ ಮೊತ್ತವೇ ಕುಗ್ಗಿರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಕೇಬಲ್ ಸೇತುವೆಯ ಆಚೆ ತೆಲುಗು ನಟ ಸಾಯಿ ಧರಮ್ ತೇಜ್ ಅವರ ಟ್ರಯಂಫ್ ಬೈಕ್ ಜಾರಿದ್ದು ರಸ್ತೆಯ ಮರಳಿನ ಮೇಲೆ ಎಂದೇ ವರದಿಯಾಗಿತ್ತು. ತಲೆಯಲ್ಲಿ ಹೆಲ್ಮೆಟ್ ಇತ್ತು. ಅವರು ಚೇತರಿಸಿಕೊಂಡು ಮತ್ತೆ ಸಿನಿಮಾ ಮಾಡಿದರು.

ಮೈಸೂರಿನ ಜಾವಾ, ಫರಿದಾಬಾದಿನ ರಾಜದೂತ್

ಏರುಗೆರೆಯ ಪರಿಚಯ ನಮ್ಮ ದೇಶಕ್ಕೆ ಇತ್ತೀಚಿನದಲ್ಲ. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಎರಡು ಪೀಳಿಗೆಯ ಕನ್ನಡಿಗರಿಗೆ ಬೈಕ್ ಕಲಿಸಿದವು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ ಆದರೂ ಯೆಜ್ಡಿಯ ಶಕ್ತಿ 13 ಅಶ್ವಶಕ್ತಿಯ ಆಸುಪಾಸು. ತಳದಿಂದಲೇ ಎಳೆಯುತ್ತಿತ್ತು, ಮೇಲಕ್ಕೆ ಹೋದಂತೆ ಸುಸ್ತಾಗುತ್ತಿತ್ತು. ಮೇಷ್ಟ್ರುಗಳೂ ಹಾಲಿನವರೂ ಅದನ್ನು ನಿಶ್ಚಿಂತೆಯಿಂದ ಓಡಿಸಿದರು.

1983ರಲ್ಲಿ ಫರಿದಾಬಾದಿನ ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350 ಅನ್ನು ರಾಜದೂತ್ ಹೆಸರಿನಲ್ಲಿ ತಂದಾಗ ಕಥೆ ಬದಲಾಯಿತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಕೊಳವೆಯೊಳಗೆ ಹುಟ್ಟುವ ಒತ್ತಡದ ಅಲೆ ಕೊಳವೆಯ ಕೊನೆಗೆ ಬಡಿದು ಹಿಂತಿರುಗುತ್ತದೆ. ಒಂದು ನಿರ್ದಿಷ್ಟ ಸುತ್ತಿನಲ್ಲಿ ಆ ಅಲೆ ಸರಿಯಾದ ಹೊತ್ತಿಗೆ ಬಂದು, ಹೊರಗೆ ಸೋರಿಹೋಗುತ್ತಿದ್ದ ತಾಜಾ ಮಿಶ್ರಣವನ್ನು ಮತ್ತೆ ಸಿಲಿಂಡರಿಗೇ ನೂಕುತ್ತದೆ. ಅದಕ್ಕಿಂತ ಕೆಳಗೆ ಅಲೆ ಹೊತ್ತು ತಪ್ಪಿ ಬರುತ್ತದೆ. ಆದ್ದರಿಂದ ಗೆರೆ ಬರೀ ಏರುವುದಿಲ್ಲ, ಒಂದು ಕಡೆ ಮೆಟ್ಟಿಲಿನಂತೆ ಎದ್ದುನಿಲ್ಲುತ್ತದೆ. ಜಪಾನಿನಲ್ಲಿ 39 ಅಶ್ವಶಕ್ತಿಯಿದ್ದ ಎಂಜಿನ್ನನ್ನು ಇಲ್ಲಿ ಸುಮಾರು 30ಕ್ಕೆ, ಆಮೇಲೆ 27ಕ್ಕೆ ಇಳಿಸಿದರು. ಅದರ ಮುಂದಿನ ಡಿಸ್ಕ್ ಬ್ರೇಕನ್ನೂ ತೆಗೆದು ಡ್ರಮ್ ಬ್ರೇಕ್ ಹಾಕಿದರು. ಶಕ್ತಿ ಇಳಿಸಿದ್ದು ಮೈಲೇಜಿಗಾಗಿ, ಬ್ರೇಕ್ ಇಳಿಸಿದ್ದು ಬೆಲೆಗಾಗಿ. ಹೊಸಬರ ಕೈಗೆ ಇದಕ್ಕಿಂತ ಕೆಟ್ಟ ಜೋಡಿ ಕೊಡುವುದು ಕಷ್ಟ. ದಶಕ ಮುಗಿಯುವಷ್ಟರಲ್ಲಿ ಅದರ ತಯಾರಿಕೆಯೂ ಮುಗಿಯಿತು.

1985ರ ಯಮಹಾ ಆರ್‌ಎಕ್ಸ್ 100ರದು ಕೂಡ ಇದೇ ಜಾತಿಯ ಎಂಜಿನ್. ಆದರೆ 98 ಸಿಸಿ, 11 ಅಶ್ವಶಕ್ತಿ, ನೂರು ಕಿಲೋದ ಆಸುಪಾಸಿನ ಮೈ. ಗೆರೆ ಕಡಿದಾದರೂ ಅದರ ಒಟ್ಟು ಎತ್ತರ ಗಿಡ್ಡ. ಇಂದಿಗೂ ಬೀದರಿನಿಂದ ಕೋಲಾರದವರೆಗೆ ಹಳೇ ಆರ್‌ಎಕ್ಸ್‌ಗಳಿಗೆ ಬೆಲೆ ಕಟ್ಟುವವರಿದ್ದಾರೆ. ಆರ್‌ಎಕ್ಸ್ ಒಂದು ಸಂಗತಿ ಕಲಿಸುತ್ತದೆ: ಗೆರೆಯ ಏರಿಕೆಯ ಜೊತೆಗೆ ಅದರ ಎತ್ತರವನ್ನೂ ಕೇಳಬೇಕು.

ಕಾನೂನು ಅಳೆಯುವುದು ಏನನ್ನು

ನಮ್ಮ ಮೋಟಾರು ವಾಹನ ಕಾಯ್ದೆ ಬೈಕ್ ಕಲಿಯುವವರನ್ನು ಗೇರ್ ಇದೆಯೋ ಇಲ್ಲವೋ ಎಂದಷ್ಟೇ ವಿಂಗಡಿಸುತ್ತದೆ. ಹದಿನೆಂಟಕ್ಕೆ ಗೇರ್ ಬೈಕಿನ ಲೈಸೆನ್ಸ್ ಸಿಕ್ಕಿದರೆ ಅದೇ ದಿನ ಸ್ಪ್ಲೆಂಡರ್ ಓಡಿಸಬಹುದು, ಅದೇ ದಿನ 998 ಸಿಸಿಯ ಕವಾಸಾಕಿ ಝಡ್ಎಕ್ಸ್-10ಆರ್ ಕೂಡ ಓಡಿಸಬಹುದು. ಅದರ 200 ಅಶ್ವಶಕ್ತಿ ನೆತ್ತಿಗೇರುವುದು 13,200 ಸುತ್ತಿನಲ್ಲಿ. ತೆರಿಗೆಯೂ ವಿಮೆಯೂ ಸಿಸಿಯನ್ನು ಎಣಿಸುತ್ತವೆ. 2025ರ ಸೆಪ್ಟೆಂಬರ್‌ನಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18, ಅದಕ್ಕೆ ಮೇಲ್ಪಟ್ಟರೆ ಶೇ. 40. ಈ ಲೆಕ್ಕದಲ್ಲಿ ಕ್ಲಾಸಿಕ್ 350, ನಿಂಜಾ 300 ಒಂದೇ ಪೆಟ್ಟಿಗೆಯಲ್ಲಿ ಬೀಳುತ್ತವೆ.

ಯುರೋಪಿನಲ್ಲಿ ಹದಿನೆಂಟರ ಸವಾರರಿಗೆ 35 ಕಿಲೋವ್ಯಾಟ್, ಅಂದರೆ ಸುಮಾರು 47 ಅಶ್ವಶಕ್ತಿಯ ಮಿತಿ ಇದೆ; ಬೈಕಿನ ಪ್ರತಿ ಕಿಲೋ ತೂಕಕ್ಕೆ 0.2 ಕಿಲೋವ್ಯಾಟ್ ಮೀರಬಾರದು. ಜಪಾನಿನಲ್ಲಿ 400 ಸಿಸಿ ದಾಟಲು ಬೇರೆ ಲೈಸೆನ್ಸ್ ಬೇಕು. ಇವು ನಮ್ಮದಕ್ಕಿಂತ ಎಷ್ಟೋ ಮೇಲು, ಅನುಮಾನವಿಲ್ಲ. ಆದರೆ ಅವೂ ನೆತ್ತಿಯ ಎತ್ತರವನ್ನು ಅಳೆಯುತ್ತವೆಯೇ ಹೊರತು ಅಲ್ಲಿಗೆ ಹೋಗುವ ದಾರಿ ಎಷ್ಟು ಕಡಿದು ಎಂದು ಕೇಳುವುದಿಲ್ಲ. ಕೆಟಿಎಂ ಆರ್‌ಸಿ 390ರ 43 ಅಶ್ವಶಕ್ತಿ ಯುರೋಪಿನ ಮಿತಿಯೊಳಗೇ ಬರುತ್ತದೆ. ಬೆಳಿಗ್ಗೆ ಲೈಸೆನ್ಸ್ ಪಡೆದ ಹುಡುಗನಿಗೆ ಮಲ್ಕಾಜ್‌ಗಿರಿಯಲ್ಲಿ ಅದನ್ನು ಕೊಡಿಸಲು ನನಗಂತೂ ಮನಸ್ಸು ಬಾರದು.

ಬ್ರೇಕಿನ ವಿಷಯದಲ್ಲಿ ನಮ್ಮ ನಿಯಮ ಚುರುಕಾಗಿದೆ. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಎಲ್ಲ ಹೊಸ ಬೈಕುಗಳಲ್ಲೂ ಎಬಿಎಸ್ ಇರಲೇಬೇಕು. ಬ್ರೇಕನ್ನು ಗಾಬರಿಯಿಂದ ಹಿಂಡಿದ ಕೈಯನ್ನು ಅದು ಕಾಪಾಡುತ್ತದೆ. ಎಕ್ಸಲೇಟರನ್ನು ಗಾಬರಿಯಿಂದ ತಿರುಚಿದ ಕೈಗೆ ಅಂಥ ಕಡ್ಡಾಯದ ಕಾವಲು ಇಲ್ಲ.

ಹೊಸೂರಿನ ಗುಂಡಿ

ಕಡ್ಡಾಯವಿಲ್ಲದಿದ್ದರೂ ಕಾವಲು ಬರತೊಡಗಿದೆ, ಅದೂ ಕರ್ನಾಟಕದ ಗಡಿಯ ಪಕ್ಕದಿಂದ. ಬೆಂಗಳೂರು ದಾಟಿದೊಡನೆ ಸಿಗುವ, ಕನ್ನಡ ಕೇಳಿಬರುವ ಹೊಸೂರಿನಲ್ಲಿ ಟಿವಿಎಸ್ 2017ರ ಕೊನೆಯಲ್ಲಿ ಅಪಾಚೆ ಆರ್‌ಆರ್ 310 ಎಂಬ ಸ್ಪೋರ್ಟ್ಸ್ ಬೈಕನ್ನು ಹೊರತಂದಿತು. 2020ರಲ್ಲಿ ಅದಕ್ಕೆ ಸವಾರಿಯ ಬಗೆ ಆಯುವ ಗುಂಡಿ ಬಂತು. ಟ್ರ್ಯಾಕ್ ಎಂದು ಒತ್ತಿದರೆ 9,700 ಸುತ್ತಿನಲ್ಲಿ 34 ಅಶ್ವಶಕ್ತಿ. ರೇನ್ ಎಂದು ಒತ್ತಿದರೆ ಅದೇ ಎಂಜಿನ್ 7,700ರಲ್ಲಿ 26ರ ಹತ್ತಿರ ಕೊಟ್ಟು ಸುಮ್ಮನಾಗುತ್ತದೆ. ತಿರುಚುಬಲದಲ್ಲಿ ವ್ಯತ್ಯಾಸ ಸ್ವಲ್ಪವೇ: ಸುಮಾರು 27ರ ಬದಲು 25. ಕೊಡವನ್ನು ಅವರು ಚಿಕ್ಕದು ಮಾಡಿದ್ದು ಕಡಿಮೆ, ಮೇಲಿನ ಏರಿಕೆಯನ್ನು ಕತ್ತರಿಸಿದ್ದು ಹೆಚ್ಚು.

ಇದು ಸಾಧ್ಯವಾದದ್ದು ಎಕ್ಸಲೇಟರಿನಿಂದ ಗಾಳಿಬಾಗಿಲಿಗೆ ಹೋಗುತ್ತಿದ್ದ ಉಕ್ಕಿನ ತಂತಿಯನ್ನು ತೆಗೆದುಹಾಕಿದ್ದರಿಂದ. ಈಗ ಮಣಿಕಟ್ಟಿನ ತಿರುವನ್ನು ಒಂದು ಸಂವೇದಕ ಅಳೆಯುತ್ತದೆ, ಬಾಗಿಲು ಎಷ್ಟು ತೆರೆಯಬೇಕೆಂದು ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ರೈಡ್ ಬೈ ವೈರ್ ಎನ್ನುವುದು ಇದನ್ನೇ. ಆರ್‌ಸಿ 390ರ 2022ರ ಮಾಡೆಲಿನಲ್ಲಿ ಹಿಂಚಕ್ರ ಜಾರುವುದನ್ನು ಹಿಡಿಯುವ ವ್ಯವಸ್ಥೆಯೂ ಇದೆ. ಒಳ್ಳೆಯದೇ. ಆದರೆ ಗುಂಡಿಯನ್ನು ರೇನ್‌ನಲ್ಲೇ ಇಟ್ಟುಕೊಳ್ಳುವ ಹತ್ತೊಂಬತ್ತು ವರ್ಷದವರನ್ನು ನಾನು ಇನ್ನೂ ನೋಡಬೇಕಾಗಿದೆ.

ಹಾಗಾದರೆ ಯಾವುದು

ಸ್ಪೋರ್ಟ್ಸ್ ಬೈಕಿನ ಮೇಲೇ ಮನಸ್ಸಿರುವವರಿಗೆ ಬೇರೆ ಯಾವುದೋ ಬೈಕನ್ನು ಹೊಗಳಿ ಪ್ರಯೋಜನವಿಲ್ಲ. ಅವರು ನೋಡಬೇಕಾದದ್ದು ಯಮಹಾ ಆರ್15ರಂಥ ಪುಟ್ಟವನ್ನು. 155 ಸಿಸಿ, 142 ಕಿಲೋ, 10,000 ಸುತ್ತಿನಲ್ಲಿ 18 ಅಶ್ವಶಕ್ತಿ. ಗೆರೆ ಏರುಗೆರೆಯೇ, 7,400 ಸುತ್ತಿನಲ್ಲಿ ವಾಲ್ವ್ ಎತ್ತುವ ಕ್ಯಾಮ್ ಕೂಡ ಬದಲಾಗಿ ಬಾಗಿಲು ಇನ್ನಷ್ಟು ತೆರೆಯುತ್ತದೆ. ಆದರೆ ಒಟ್ಟು ತಿರುಚುಬಲವೇ 14. ಮಣಿಕಟ್ಟು ಪೂರ್ತಿ ತಪ್ಪಿದರೂ ತಪ್ಪಿನ ಗಾತ್ರ ನಿಂಜಾದ ಅರ್ಧ. ಏರುಗೆರೆಯ ಪಾಠವನ್ನು ಅಲ್ಪ ಬೆಲೆಗೆ ಕಲಿಯಬಹುದು.

ನನ್ನ ಆಯ್ಕೆ ಇನ್ನೂ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಅದೇ ಎಂಜಿನ್ನನ್ನು ಯಮಹಾ 2019ರಿಂದ ಎಂಟಿ-15 ಎಂಬ ಹೆಸರಿನಲ್ಲಿ, ಎತ್ತರದ ಹ್ಯಾಂಡಲ್ ಜೋಡಿಸಿ ಮಾರುತ್ತಿದೆ. ಭಾರ ಮಣಿಕಟ್ಟಿನಿಂದ ಸೀಟಿಗೆ ಇಳಿಯುತ್ತದೆ, ತಲೆ ಎತ್ತಿ ಟ್ರಾಫಿಕ್ ನೋಡಬಹುದು. ಹೊರಕವಚದ ಅಂದ ಮಾತ್ರ ಇರುವುದಿಲ್ಲ. ಅಂದಕ್ಕಾಗಿಯೇ ಕೊಳ್ಳುವವರಿಗೆ ಇದು ಸಣ್ಣ ನಷ್ಟವಲ್ಲ ಎಂದು ಬಲ್ಲೆ. ಅಂದಹಾಗೆ ಹೈದರಾಬಾದಿನ ಹೊರವರ್ತುಲ ರಸ್ತೆಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಆ ಕವಚ ಗಾಳಿ ಸೀಳಿಕೊಂಡು ಕೆಲಸ ಮಾಡಬಲ್ಲ ರಸ್ತೆಗಳು ಊರಿನ ಹತ್ತಿರದಲ್ಲಿ ಕಡಿಮೆಯೇ, ಬೇಸಗೆಯಲ್ಲಿ ಎಂಜಿನ್ನಿನ ಬಿಸಿಯನ್ನು ತೊಡೆಗೆ ದಾಟಿಸುವ ಕೆಲಸವನ್ನಂತೂ ಅದು ತಪ್ಪದೆ ಮಾಡುತ್ತದೆ.

ಟೆಸ್ಟ್ ರೈಡಿಗೆ ಹೋದಾಗ ಖಾಲಿ ರಸ್ತೆಯಲ್ಲಿ ಎಳೆದು ನೋಡುವುದಕ್ಕಿಂತ ಒಳದಾರಿಯೊಂದನ್ನು ಹಿಡಿಯಿರಿ. ಎರಡನೇ ಗೇರಿನಲ್ಲಿ, ಕ್ಲಚ್ ಮುಟ್ಟದೆ, ಮೂರು ಸಾವಿರ ಸುತ್ತಿನಲ್ಲಿ ಓಡಿಸಿ. ತುಸುವೇ ತಿರುಗಿಸಿದರೆ ತುಸುವೇ ಓಡುತ್ತದೆಯೇ, ಅಥವಾ ಕಾಯಿಸಿ ಆಮೇಲೆ ಒಮ್ಮೆಲೇ ಎಳೆಯುತ್ತದೆಯೇ ಗಮನಿಸಿ. ಬಳಿಕ ಒಂದು ಹಂಪ್ ಮೇಲೆ ನಿಧಾನವಾಗಿ ಹಾಯಿಸಿ, ಹಿಂದೆ ಯಾರನ್ನಾದರೂ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಕುಲುಕಿಗೆ ಕೈ ಕದಲಿಯೇ ಕದಲುತ್ತದೆ. ಅಷ್ಟಕ್ಕೇ ಬೈಕ್ ಮುಂದಿನ ಆಟೋದ ಕಡೆ ನುಗ್ಗಿದರೆ, ಅದನ್ನು ಎರಡನೇ ಬೈಕಿನ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ.